ಶಿಫಾರಸೋ, ಜಾಹೀರಾತೋ?



ಪಣಂಬೂರಿನ ಕಡಲ ತಡಿಯಲ್ಲಿ ಸಂಜೆಯ ಹೊತ್ತು ಕುಳಿತವರಿಗೆ ಚರುಮುರಿ ಮಾರುವವನ ಕೂಗು ಕೇಳಿಸುತ್ತದೆ. ಬೇಕಾದವರು ಕೊಳ್ಳುತ್ತಾರೆ, ಬೇಡವಾದವರು ಸುಮ್ಮನಿರುತ್ತಾರೆ. ಆ ಕೂಗೂ ಜಾಹೀರಾತೇ. ಆದರೆ ಅದರಲ್ಲಿ ಕಪಟವಿಲ್ಲ. ಅದೇ ವ್ಯಾಪಾರಿ ನಮ್ಮ ಮನೆಯ ಅಡುಗೆಯವರ ವೇಷದಲ್ಲಿ ಒಳಗೆ ಬಂದು, 'ಇಂದು ನಿಮಗೆ ಚರುಮುರಿಯೇ ಪಥ್ಯ' ಎಂದರೆ ಹೇಗಿದ್ದೀತು? ಗಣಕಯಂತ್ರದೊಳಗೆ ಇಂದು ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ.

ಆಪರೇಟಿಂಗ್ ಸಿಸ್ಟಮ್ ಎಂಬುದು ಗಣಕಯಂತ್ರದ ಪಾರುಪತ್ಯಗಾರ. ಯಂತ್ರದ ಅಂಗಾಂಗಗಳನ್ನೂ ನಮ್ಮ ಕೆಲಸಗಳನ್ನೂ ಹೊಂದಿಸಿಕೊಡುವುದು ಅದರ ಧರ್ಮ. 2012ರಲ್ಲಿ ಉಬುಂಟುವಿನ 12.10ನೆಯ ಆವೃತ್ತಿಯಲ್ಲಿ, ತನ್ನದೇ ಕಡತವನ್ನು ಹುಡುಕಹೊರಟವನ ಮುಂದೆ ಅಮೆಜಾನಿನ ಸರಕುಗಳೂ ಬಂದು ನಿಂತವು. ಆಕ್ಷೇಪಗಳೆದ್ದವು, 2016ರ ಆವೃತ್ತಿಯಲ್ಲಿ ಆ ವ್ಯವಸ್ಥೆ ತಾನಾಗಿ ನಡೆಯುವುದು ನಿಂತಿತು. ಮುಂದೆ 2024ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ 11ರ ಸ್ಟಾರ್ಟ್ ಮೆನುವಿನಲ್ಲಿ ತನ್ನ ಅಂಗಡಿಯ ಕೆಲವು ಆ್ಯಪ್‌ಗಳ ಪ್ರಚಾರವನ್ನು ಸೇರಿಸಿತು. ಅದಕ್ಕೆ ದೊರೆತ ಸ್ಥಳ 'ರೆಕಮೆಂಡೆಡ್', ಎಂದರೆ 'ಶಿಫಾರಸು', ಎಂಬ ತಲೆಬರಹದ ಕೆಳಗೆ.

ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಚುಚ್ಚುವುದು ಈ ಪದವೇ. ಶಿಫಾರಸು ಮಾಡುವವನು ನಮ್ಮ ಹಿತವನ್ನು ಬಲ್ಲವನಾಗಿರಬೇಕು; ಜಾಹೀರಾತು ಕೊಡುವವನು ತನ್ನ ಹಿತವನ್ನು ಬಲ್ಲವನು. 1967ರಲ್ಲಿ ವಿವಿಧ ಭಾರತಿಯಲ್ಲಿ ವಾಣಿಜ್ಯ ಪ್ರಸಾರ ತೊಡಗಿದಾಗಲೂ ಸಾಬೂನಿನ ಹಾಡನ್ನು ಯಾರೂ ವಾರ್ತೆಯೆಂದು ಭ್ರಮಿಸಲಿಲ್ಲ.

ಈ ಪ್ರಚಾರವನ್ನು ನಿಲ್ಲಿಸಲು ದಾರಿಯಿದೆ, ನಿಜ. ಸೆಟ್ಟಿಂಗ್ಸ್, ಅದರೊಳಗೆ ಪರ್ಸನಲೈಸೇಶನ್, ಅದರೊಳಗೆ ಸ್ಟಾರ್ಟ್. ಅಲ್ಲಿ ಶಿಫಾರಸುಗಳ ಗುಂಡಿಯನ್ನು ಆರಿಸಬೇಕು. ಆದರೆ ಮೊದಲು ಉರಿಸಿಟ್ಟವರು ನಮ್ಮನ್ನು ಕೇಳಿದ್ದರೇ? 'ಬೇಡ' ಎನ್ನುವ ಹೊಣೆ ನಮ್ಮ ತಲೆಯ ಮೇಲೆ. 'ಬೇಕೇ' ಎಂದು ಕೇಳುವ ಸೌಜನ್ಯ ಅವರಿಗಿಲ್ಲ. ಮೂರು ಬಾಗಿಲು ದಾಟಿ ಆ ಗುಂಡಿಯನ್ನು ತಲುಪಲಾರದ ವೃದ್ಧರು ಯಂತ್ರದ ಮಾತನ್ನೇ ಹಿತವಚನವೆಂದು ನಂಬುತ್ತಾರೆ. ನಷ್ಟವಾಗುವುದು ಹಣಕ್ಕಿಂತ ಮೊದಲು ಆ ನಂಬಿಕೆ.

ನಮ್ಮ ದೇಶದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಬಳಕೆದಾರನನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ವೇಷ ಮರೆಸಿಕೊಂಡ ಜಾಹೀರಾತು ಅವುಗಳಲ್ಲೊಂದು. ಕಾನೂನು ಹೆಸರಿಟ್ಟಿದೆ, ಹೆಸರು ಹಿಡಿದು ಕರೆಯುವ ಕೆಲಸ ನಮ್ಮದು.

ಮನೆಯ ಮಕ್ಕಳಲ್ಲಿ ನನ್ನದೊಂದು ವಿನಂತಿ. ಇಂದು ರಾತ್ರಿ ಅಜ್ಜ ಅಜ್ಜಿಯರ ಗಣಕಯಂತ್ರದ ಮುಂದೆ ಐದು ನಿಮಿಷ ಕುಳಿತುಕೊಳ್ಳಿ. ಆ ಗುಂಡಿಯನ್ನು ಆರಿಸಿ; ಆರಿಸಿದ್ದು ಏಕೆಂಬುದನ್ನೂ ಅವರಿಗೆ ತಿಳಿಸಿ. ಕಡಲ ತಡಿಯ ಆ ವ್ಯಾಪಾರಿಯಷ್ಟು ನೇರವಾಗಿ ಯಂತ್ರವೂ ನಮ್ಮೊಡನೆ ಮಾತನಾಡಲಿ.