ಮೋಟಾರಿನ ಒಡಲಲ್ಲಿ ಕಟ್ಟುವ ಮಸಿ

ಕನ್ನಡ ಪಂಡಿತನೊಬ್ಬನು ಮೋಟಾರಿನ ವಿಷಯ ಮಾತನಾಡಲು ಬಂದನೆಂದರೆ ಕೆಲವರಿಗೆ ನಗು ಬರಬಹುದು. ಸಂಧಿ ಸಮಾಸಗಳನ್ನು ಬಿಡಿಸತಕ್ಕವನಿಗೆ ಇಂಜಿನ್ನು ಬಿಚ್ಚುವವರ ಸಂಗತಿ ಏಕೆ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ವಿದ್ಯೆಯನ್ನು ನಾನು ಬಯಸಿ ಕಲಿತವನಲ್ಲ. ನನ್ನ ಕಾರೇ ನನಗೆ ಕಲಿಸಿತು. ಅದಕ್ಕೆ ತೆತ್ತ ಗುರುದಕ್ಷಿಣೆಯೂ ಸಣ್ಣದಲ್ಲ. ಕೇಳುವ ನೀವಾದರೂ ಅಷ್ಟು ತೆರಬೇಕಾಗದಿರಲಿ ಎಂಬುದೇ ಈ ಮಾತಿನ ಉದ್ದೇಶ.

ನಾಲ್ಕು ವರ್ಷದ ಹಿಂದೆ ಮಗನ ಮಾತಿಗೆ ಒಪ್ಪಿ ಒಂದು ಪೆಟ್ರೋಲ್ ಕಾರನ್ನು ಕೊಂಡೆವು. ನಮ್ಮ ಮನೆಗೂ ಶಾಲೆಗೂ ಎರಡು ಕಿಲೋಮೀಟರ್ ದೂರ. ಬೆಳಗ್ಗೆ ಹೋಗುವುದು, ಸಂಜೆ ಬರುವುದು, ನಡುವೆ ತರಕಾರಿ ಪೇಟೆ, ಅಂಚೆ ಕಚೇರಿ. ಆ ಕಾರು ಕಂಡ ಪ್ರಪಂಚ ಇಷ್ಟೇ. ಮೂರು ವರ್ಷ ಕಳೆಯುವುದರೊಳಗೆ, ಬೆಳಗಿನ ಹೊತ್ತು ಚಾಲೂ ಮಾಡಿದೊಡನೆ ಗಾಡಿ ಚಳಿಜ್ವರ ಬಂದವರಂತೆ ನಡುಗತೊಡಗಿತು. ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು. ಸರಿಹೋಗುತ್ತದಲ್ಲ ಎಂದು ನಾನೂ ಸುಮ್ಮನಿದ್ದೆ. ಕಳೆದ ಮಾಗಿಯಲ್ಲಿ ಒಂದು ದಿನ ನಮ್ಮ ಅತ್ತೆಯವರನ್ನು ಶಸ್ತ್ರಚಿಕಿತ್ಸೆಗಾಗಿ ಬೆಳಗಿನ ಐದು ಗಂಟೆಗೇ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಬೀದಿಯ ತಿರುವನ್ನು ದಾಟುವಷ್ಟರಲ್ಲಿ ಗಾಡಿ ಕುಲುಕಾಡಿತು, ಮುಂದಿನ ಫಲಕದಲ್ಲಿ ಹಳದಿ ದೀಪ ಮಿಣಿಮಿಣಿ ಮಿನುಗಿತು, ಇಂಜಿನ್ನು ನಿಂತೇಹೋಯಿತು. 78 ವರ್ಷದ ವೃದ್ಧೆಯನ್ನು ಆ ಕೊರೆಯುವ ಚಳಿಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿಕೊಂಡು ಆಟೋರಿಕ್ಷಾಕ್ಕೆ ಕಾದ ಇಪ್ಪತ್ತು ನಿಮಿಷವನ್ನು ನಾನು ಮರೆತಿಲ್ಲ. “ಇದಕ್ಕಿಂತ ನಿಮ್ಮ ಹಳೆಯ ಸ್ಕೂಟರೇ ವಾಸಿಯಾಗಿತ್ತು ಕಣ್ರೀ” ಎಂದು ನಮ್ಮ ಮನೆಯವರು ಅಂದದ್ದನ್ನೂ ಮರೆತಿಲ್ಲ.

ಗಾಡಿಯನ್ನು ಒಂದು ಕಡೆ ತೋರಿಸಿದೆ. ಇಂಜಿನ್ನಿನ ಮೇಲಣ ಭಾಗವನ್ನೇ ಬದಲಾಯಿಸಬೇಕು ಎಂದರು. ಇನ್ನೊಂದು ಕಡೆ ಪೆಟ್ರೋಲಿಗೆ ಬೆರೆಸತಕ್ಕ ದ್ರವದ ಸೀಸೆಯನ್ನು ಕೊಟ್ಟರು. ಒಂದಲ್ಲ, ಮೂರು ಸೀಸೆ ಸುರಿದೆ, ಗುಣ ಕಾಣಲಿಲ್ಲ. ಕೊನೆಗೆ ನನ್ನ ಬಳಿ ಓದಿದ್ದ ಒಬ್ಬ ಹುಡುಗನ ಕಾರ್ಖಾನೆಗೆ ಹೋದೆ. ಈಗ ಅವನು ಊರಿಗೆಲ್ಲ ಹೆಸರಾದ ಮೇಸ್ತ್ರಿ. ಛಂದಸ್ಸಿನಲ್ಲಿ ಅವನಿಗೆ ಹತ್ತಕ್ಕೆ ಎರಡು ಅಂಕ ಕೊಟ್ಟವನು ನಾನು. ಅವನು ಹಳೆಯ ಲೆಕ್ಕ ತೀರಿಸದೆ, “ಸಾರ್, ಮೊದಲು ರೋಗ ಯಾವುದು ಅಂತ ನೋಡೋಣ, ಮದ್ದು ಆಮೇಲೆ” ಎಂದನು. ಇಂದು ನಾನು ಹೇಳುವ ಮಾತಿನ ಬಹುಪಾಲು ಅವನ ಕಾರ್ಖಾನೆಯ ಬೆಂಚಿನ ಮೇಲೆ ಕುಳಿತು ಕಲಿತದ್ದು. ಉಳಿದದ್ದು ಆಮೇಲೆ ಓದಿ ತಿಳಿದದ್ದು.

ಮೊದಲು ಮಸಿ ಎಂದರೇನು ಎಂಬುದನ್ನು ನೋಡೋಣ. ಪೆಟ್ರೋಲು, ಎಣ್ಣೆ, ಸೌದೆ ಇವೆಲ್ಲದರಲ್ಲಿಯೂ ಇಂಗಾಲವಿದೆ. ಸಂಸ್ಕೃತದ ಅಂಗಾರವೇ ಪ್ರಾಕೃತದವರ ಬಾಯಲ್ಲಿ ಇಂಗಾಲವಾಗಿ ನಮ್ಮ ಮನೆಗೆ ಬಂದಿತು. ಬೇಕಾದಷ್ಟು ಗಾಳಿಯಲ್ಲಿ, ಬೇಕಾದಷ್ಟು ಕಾವಿನಲ್ಲಿ ಉರಿದರೆ ಅದು ಕಣ್ಣಿಗೆ ಕಾಣದ ಅನಿಲವಾಗಿ ಹೋಗುತ್ತದೆ. ಗಾಳಿಯೋ ಕಾವೋ ಸಾಲದಾದರೆ ಅರೆಬೆಂದು ಮಸಿಯಾಗಿ ಉಳಿಯುತ್ತದೆ. ಲಾಂದ್ರ ಹಚ್ಚಿದ ಕಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬತ್ತಿಯನ್ನು ಹೆಚ್ಚಾಗಿ ಎತ್ತಿದರೆ ಗಾಜಿನ ಬುರುಡೆ ಕಪ್ಪಾಗುತ್ತಿತ್ತು. ಎಥನಾಲ್ ಬೆರೆಯದ ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇಂಜಿನ್ನು ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದು. ಆದಕಾರಣ ಆಗ ಈ ಅಳತೆಗಿಂತ ಹೆಚ್ಚು ಪೆಟ್ರೋಲನ್ನು ಒಳಕ್ಕೆ ಬಿಡುತ್ತಾರೆ. ಮಸಿಗೆ ಅದೇ ಸುಮುಹೂರ್ತ.

ಇದು ಹೊಸ ಪೀಡೆಯೇನೂ ಅಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ಆಗಾಗ್ಗೆ ಅದರ ಇಂಜಿನ್ನಿನ ಹೆಡ್ಡನ್ನು ಕಳಚಿ, ಪಿಸ್ಟನ್ನಿನ ನೆತ್ತಿಯ ಮೇಲೆ ಹೆಪ್ಪುಗಟ್ಟಿದ ಕಿಟ್ಟವನ್ನು ಕೆರೆದು ತೆಗೆಯುತ್ತಿದ್ದರು. ಅದಕ್ಕೆ ಡೀಕಾರ್ಬನ್ ಮಾಡಿಸುವುದು ಎಂದು ಹೆಸರು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಅದೂ ಕಿಟ್ಟದೊಳಗೆ ಸೇರಿಕೊಳ್ಳುತ್ತಿತ್ತು. ನಮ್ಮ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದದ್ದು 2000ದ ಫೆಬ್ರವರಿ 1ರಿಂದ. ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂದಿತು. ಪೆಟ್ರೋಲು, ಇಂಜಿನ್ ಆಯಿಲ್ ಎರಡೂ ಸುಧಾರಿಸಿದವು. ಡೀಕಾರ್ಬನ್ ಎಂಬ ಮಾತೇ ಮರೆತುಹೋಯಿತು. ಹಾಗಿರುವಾಗ ಮಸಿ ಮತ್ತೆ ಬಂದದ್ದು ಹೇಗೆ?

ಇಂಜಿನ್ನಿಗೆ ಗಾಳಿ ಹೋಗುವ ದಾರಿಯ ಕೊನೆಯಲ್ಲಿ ಒಂದು ಬಾಗಿಲುಂಟು. ಅದನ್ನು ಕವಾಟ ಎನ್ನಿ, ವಾಲ್ವ್ ಎನ್ನಿ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಬಾಗಿಲು ಸೆಕೆಂಡಿಗೆ 25 ಸಾರಿ ತೆರೆದು ಮುಚ್ಚುತ್ತದೆ. ಮೊದಲ ಬಗೆಯ ಇಂಜೆಕ್ಟರು ಈ ಬಾಗಿಲಿನ ಹೊರಗೆ ನಿಂತು, ಬಾಗಿಲಿನ ಬೆನ್ನಿನ ಮೇಲೆ ಪೆಟ್ರೋಲನ್ನು ಸಿಂಪಡಿಸುತ್ತದೆ. ಪೆಟ್ರೋಲು ಉರುವಲಷ್ಟೇ ಅಲ್ಲ, ಜಿಡ್ಡನ್ನು ತೊಳೆಯುವ ವಸ್ತುವೂ ಹೌದು. ಹಾಗಾಗಿ ಬಾಗಿಲಿಗೆ ದಿನವೂ ಅಭ್ಯಂಜನ. ಎರಡನೆಯ ಬಗೆಯಲ್ಲಿ ಇಂಜೆಕ್ಟರು ಬಾಗಿಲನ್ನು ದಾಟಿ ಒಳಮನೆಗೇ ಹೋಗಿದೆ. ಅಲ್ಲಿ ವಾತಾವರಣದ ಒತ್ತಡದ 200 ಪಟ್ಟು, ಕೆಲವದರಲ್ಲಿ ಅದಕ್ಕೂ ಹೆಚ್ಚಿನ ಒತ್ತಡದಿಂದ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮುತ್ತದೆ. 1954ರಲ್ಲಿಯೇ ಮರ್ಸಿಡಿಸ್ 300 ಎಸ್‌ಎಲ್ ಎಂಬ ಜರ್ಮನಿಯ ಕಾರಿನಲ್ಲಿ ಈ ಏರ್ಪಾಡು ಇತ್ತು. 1996ರಲ್ಲಿ ಜಪಾನಿನ ಮಿತ್ಸುಬಿಷಿಯವರು ಇದನ್ನು ಹೊಸ ರೂಪದಲ್ಲಿ ತಂದರು. ಇಂದು ಜಿಡಿಐ, ಟಿಎಸ್‌ಐ ಎಂಬ ಅಕ್ಷರಗಳನ್ನು ಬೆನ್ನಿಗೆ ಹಚ್ಚಿಕೊಂಡು ನಮ್ಮ ರಸ್ತೆಗಳಲ್ಲಿ ಓಡಾಡುವ ಕಾರುಗಳು ಈ ಜಾತಿಯವು. ಇದರಿಂದ ಲಾಭವಿಲ್ಲವೆಂದಲ್ಲ. ಒಳಗೆ ಆವಿಯಾಗುವ ಪೆಟ್ರೋಲು ಸಿಲಿಂಡರನ್ನು ತಂಪಾಗಿಸುತ್ತದೆ. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಬಲ ಬರುತ್ತದೆ. ನಷ್ಟವೇನೆಂದರೆ ಬಾಗಿಲಿಗೆ ಅಭ್ಯಂಜನ ತಪ್ಪಿತು.

ಅಭ್ಯಂಜನ ತಪ್ಪಿದರೂ ಜಿಡ್ಡು ಬರುವುದು ತಪ್ಪಲಿಲ್ಲ. ಉರಿದ ಅನಿಲದಲ್ಲಿ ಒಂದಿಷ್ಟು ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಕೋಣೆಗೆ ಇಳಿಯುತ್ತದೆ. ಅದನ್ನು ಹಾಗೆಯೇ ಬೀದಿಗೆ ಬಿಟ್ಟರೆ ಗಾಳಿ ಕೆಡುತ್ತದೆಂದು, ಒಂದು ಕೊಳವೆಯ ಮೂಲಕ ಮರಳಿ ಇಂಜಿನ್ನಿಗೇ ಕುಡಿಸುತ್ತಾರೆ. ಆ ಅನಿಲದ ಜೊತೆಯಲ್ಲಿ ಆಯಿಲಿನ ಹಬೆಯೂ ಬರುತ್ತದೆ. ಹಬೆ ಹೋಗಿ ಕಾದ ವಾಲ್ವಿನ ಬೆನ್ನಿಗೆ ತಗಲುತ್ತದೆ; ಕಾದ ಕಾವಲಿಯ ಮೇಲೆ ಬಿದ್ದ ಎಣ್ಣೆಯಂತೆ ಸೀಯುತ್ತದೆ. ಇಂದಿನ ಪದರದ ಮೇಲೆ ನಾಳೆಯ ಪದರ. ಕೊನೆಗೆ ಗಾಳಿ ನಡೆಯುವ ದಾರಿಯೇ ಇಕ್ಕಟ್ಟಾಗುತ್ತದೆ.

ನಾನು ಸುರಿದ ಮೂರು ಸೀಸೆ ಏಕೆ ವ್ಯರ್ಥವಾಯಿತೆಂಬುದು ಈಗ ತಿಳಿಯಿತಷ್ಟೆ. ಆ ದ್ರವ ಪೆಟ್ರೋಲಿನ ಸಂಗಡ ಹೋಗತಕ್ಕದ್ದು. ಪೆಟ್ರೋಲು ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ. ಬೆನ್ನಿನ ಗಾಯಕ್ಕೆ ಅಂಗಾಲಿಗೆ ಮುಲಾಮು ಹಚ್ಚಿದಂತಾಯಿತು. ಅಂಥ ದ್ರವ ಇಂಜೆಕ್ಟರಿನ ಮೂತಿಯನ್ನು ಸ್ವಚ್ಛವಾಗಿಡಲು ಉಪಯೋಗ; ಹಳೆಯ ಬಗೆಯ ಇಂಜಿನ್ನಾದರೆ ವಾಲ್ವಿಗೂ ಉಪಯೋಗ. ಆದುದರಿಂದ ನಿಮ್ಮ ಕಾರು ಯಾವ ಬಗೆಯದೆಂದು ಮೊದಲು ತಿಳಿಯಿರಿ. ಕಾರಿನೊಡನೆ ಬರುವ ಪುಸ್ತಕದಲ್ಲಿ ಅದು ಇರುತ್ತದೆ. 2005ರಲ್ಲಿ ಟೊಯೋಟಾದವರು ತಮ್ಮ ಒಂದು ಇಂಜಿನ್ನಿಗೆ ಎರಡೂ ಬಗೆಯ ಇಂಜೆಕ್ಟರುಗಳನ್ನು ಇಟ್ಟರು. ಅಂಥ ಕಾರುಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಇನ್ನು ರೋಗದ ಲಕ್ಷಣ. ತಣ್ಣಗಿರುವಾಗ ನಡುಕ, ಕಾವೇರಿದ ಮೇಲೆ ನೆಮ್ಮದಿ; ಏರಿನಲ್ಲಿ ಸೋಲು; ಪೆಟ್ರೋಲಿನ ಖರ್ಚು ಸಣ್ಣಗೆ ಏರುವುದು; ಫಲಕದ ಹಳದಿ ದೀಪ. ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಬೇಕು. ಮಿನುಗುತ್ತಿದ್ದರೆ ಗಾಡಿಯನ್ನು ನಿಲ್ಲಿಸಿಬಿಡಬೇಕು. ಉರಿಯದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ ಅಲ್ಲಿರುವ ಬೆಲೆಬಾಳುವ ಶೋಧಕವನ್ನು ಸುಟ್ಟುಹಾಕುತ್ತದೆ. ಆದರೆ ಇವೇ ಲಕ್ಷಣಗಳು ಪ್ಲಗ್ಗು ಸವೆದರೂ, ಕಾಯಿಲು ಕೆಟ್ಟರೂ, ಎಲ್ಲೋ ಗಾಳಿ ಸೋರಿದರೂ ಕಾಣುತ್ತವೆ. ನಮ್ಮ ಮೇಸ್ತ್ರಿ ಮಾಡಿದ್ದೇನು ಕೇಳಿ. ಎರಡನೆಯ ಸಿಲಿಂಡರು ತಪ್ಪುತ್ತಿದೆ ಎಂದು ಅವನ ಯಂತ್ರ ತೋರಿಸಿತು. ಅದರ ಕಾಯಿಲನ್ನು ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಇಲ್ಲಿಗೆ ಹಾಕಿದನು. ದೋಷ ಕಾಯಿಲಿನ ಜೊತೆಗೆ ಹೋಗಲಿಲ್ಲ, ಎರಡರಲ್ಲಿಯೇ ಉಳಿಯಿತು. ಪ್ಲಗ್ಗನ್ನೂ ಹಾಗೆಯೇ ಪರೀಕ್ಷಿಸಿದನು. ಆಮೇಲೆ ಬೆರಳಿನಷ್ಟು ದಪ್ಪವೂ ಇಲ್ಲದ ಒಂದು ಕ್ಯಾಮೆರಾವನ್ನು ಗಾಳಿಯ ದಾರಿಯಲ್ಲಿ ಇಳಿಸಿ ನನ್ನನ್ನು ಕರೆದನು. ನೋಡಿದೆ. ಹಳ್ಳಿಯ ಒಲೆಮನೆಯ ಅಟ್ಟದಲ್ಲಿ ತೂಗುವ ಇಲ್ಲಣ ನೆನಪಾಯಿತು.

ಚಿಕಿತ್ಸೆ ಎರಡು ಬಗೆ. ಮಸಿ ತೆಳುವಾಗಿದ್ದರೆ, ಗಾಳಿಯ ದಾರಿಯಿಂದ ಶೋಧಕ ದ್ರವವನ್ನು ತುಂತುರಾಗಿ ಬಿಟ್ಟು ಕರಗಿಸಲು ನೋಡಬಹುದು. ಇದು ಬಲ್ಲವರ ಕೆಲಸ. ಮನೆಯಲ್ಲಿ ತಾವೇ ಸುರಿಯಹೋಗಬೇಡಿ. ದ್ರವವನ್ನು ಗಾಳಿಯಂತೆ ಅದುಮಲಾಗದು. ಸಿಲಿಂಡರಿನಲ್ಲಿ ತುಂಬಿದರೆ ಪಿಸ್ಟನ್ನಿನ ಕಬ್ಬಿಣದ ತೋಳೇ ಬಗ್ಗಿಹೋಗುತ್ತದೆ. ಮಸಿ ದಪ್ಪವಾಗಿದ್ದರೆ ಅಕ್ರೋಟಿನ ಚಿಪ್ಪೇ ಮದ್ದು. ಹೌದು, ನಾವು ತಿನ್ನುವ ಅಕ್ರೋಟು. ಅದರ ಚಿಪ್ಪಿನ ರವೆ ಮಸಿಗಿಂತ ಗಟ್ಟಿ, ಲೋಹಕ್ಕಿಂತ ಮೆದು. ಗಾಳಿಯ ಕೊಳವೆಗಳನ್ನು ಕಳಚಿ, ಆಯಾ ಸಿಲಿಂಡರಿನ ವಾಲ್ವು ಪೂರ್ತಿ ಮುಚ್ಚುವಂತೆ ಇಂಜಿನ್ನನ್ನು ತಿರುಗಿಸಿಟ್ಟು, ಒತ್ತಿದ ಗಾಳಿಯೊಡನೆ ಆ ರವೆಯನ್ನು ಎರಚುತ್ತಾರೆ. ಇನ್ನೊಂದು ಕೊಳವೆ ಮಸಿಯನ್ನೂ ರವೆಯನ್ನೂ ಹೀರಿಕೊಳ್ಳುತ್ತದೆ. ಅಕಸ್ಮಾತ್ ಒಂದೆರಡು ಕಾಳು ಉಳಿದರೂ ಉರಿದುಹೋಗುತ್ತದೆ. ಮರಳಾಗಿದ್ದರೆ ಸಿಲಿಂಡರನ್ನು ಗೀಚುತ್ತಿತ್ತು. ನಮ್ಮ ಕಾರಿಗೆ ಒಂದು ದಿನ ಹಿಡಿಯಿತು. ಇಂಜಿನ್ನಿನ ಮೇಲಣ ಭಾಗ ಬದಲಾಯಿಸಲು ಕೇಳಿದ್ದ ಹಣದಲ್ಲಿ ಅದು ಒಂದು ಸಣ್ಣ ಪಾಲು. ಕೆಲಸ ಮುಗಿದ ಮೇಲೆ ಮತ್ತೆ ಕ್ಯಾಮೆರಾ ಇಳಿಸಿ ತೋರಿಸಿದನು. ಮಾಡಿಸುವವರು ಮೊದಲೂ ಕೊನೆಗೂ ಹೀಗೆ ಕಣ್ಣಾರೆ ನೋಡತಕ್ಕದ್ದು.

ಇಷ್ಟಾದ ಮೇಲೆ ಮೇಸ್ತ್ರಿ ನನ್ನನ್ನು ಒಂದು ಪ್ರಶ್ನೆ ಕೇಳಿದನು. “ಆಯಿಲ್ ಯಾವಾಗ ಬದಲಾಯಿಸಿದಿರಿ ಸಾರ್?” ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಎಂದು ಪುಸ್ತಕದಲ್ಲಿತ್ತು, ಇನ್ನೂ ಆಗಿರಲಿಲ್ಲವೆಂದು ಎರಡು ವರ್ಷ ಹಾಗೆಯೇ ಬಿಟ್ಟಿದ್ದೆ. ಅವನು ಪುಸ್ತಕ ತೆರೆದು ಅದೇ ಸಾಲಿನ ಮುಂದಿನ ಮಾತಿನ ಮೇಲೆ ಬೆರಳಿಟ್ಟನು: ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಜೀವಮಾನವೆಲ್ಲ ಮಕ್ಕಳಿಗೆ ವಾಕ್ಯವನ್ನು ಕೊನೆಯ ತನಕ ಓದಿರಿ ಎಂದು ಹೇಳಿದವನು ನಾನು!

ಹೀಗಾಗಿ ತಡೆಯುವ ಉಪಾಯಗಳಲ್ಲಿ ಮೊದಲನೆಯದು ಆಯಿಲು. ಪುಸ್ತಕ ಹೇಳಿದ ಗುಣಮಟ್ಟದ್ದನ್ನೇ, ಹೇಳಿದ ಕಾಲಕ್ಕೆ ಹಾಕಿಸಬೇಕು. ಚಿಕ್ಕ ಓಡಾಟವೇ ಹೆಚ್ಚಾದರೆ ಇನ್ನೂ ಬೇಗ. ಎರಡನೆಯದು ಓಟ. ಐದಾರು ನಿಮಿಷದ ಓಟದಲ್ಲಿ ಇಂಜಿನ್ನು ಕಾಯುವುದಿಲ್ಲ. ಆಯಿಲಿಗೆ ಪೆಟ್ರೋಲೂ ನೀರಿನ ಹನಿಯೂ ಸೇರುತ್ತವೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಆ ತೇವ ಆರುತ್ತದೆ. ಪ್ಲಗ್ಗಿನ ತುದಿಯೂ ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಕಾವೇರಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆದರೆ ವಾಲ್ವಿನ ಬೆನ್ನಿನಲ್ಲಿ ಈಗಾಗಲೇ ಗಟ್ಟಿಯಾದ ಕಿಟ್ಟ ಓಟದಿಂದ ಉದುರದು. ಮೂರನೆಯದು, ನಿಂತಲ್ಲಿಯೇ ಇಂಜಿನ್ನನ್ನು ಬಹುಹೊತ್ತು ಉರಿಸಬೇಡಿ. ನಾಲ್ಕನೆಯದು, ಆಯಿಲಿನ ಹಬೆಯನ್ನು ಸಾಗಿಸುವ ಕೊಳವೆಯನ್ನೂ ಅದರ ಪುಟ್ಟ ಕವಾಟವನ್ನೂ ಸರ್ವಿಸಿನಲ್ಲಿ ನೋಡಿಸಿರಿ. ಇಷ್ಟು ಮಾಡಿದರೂ ನೇರ ಚಿಮ್ಮುವ ಇಂಜಿನ್ನಿನಲ್ಲಿ ಮಸಿ ಪೂರ್ತಿ ನಿಲ್ಲದು, ತಡವಾಗುತ್ತದೆ, ತೆಳುವಾಗುತ್ತದೆ. ಸೌದೆ ಒಲೆಯ ಕಾಲದಲ್ಲಿ ನಮ್ಮ ತಾಯಂದಿರು ಪಾತ್ರೆಯ ತಳಕ್ಕೆ ಮಣ್ಣು ಮೆತ್ತಿ ಒಲೆಗೇರಿಸುತ್ತಿದ್ದರು. ಮಸಿ ಹಿಡಿಯದಿರಲಿ ಎಂದಲ್ಲ, ತಿಕ್ಕುವಾಗ ಸುಲಭವಾಗಲಿ ಎಂದು. ಇದೂ ಹಾಗೆಯೇ.

ಡೀಸೆಲ್ ಗಾಡಿಯವರಿಗೂ ಒಂದು ಮಾತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ತರುವಾಯ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ತುಂಬಿದ ಮಸಿಯನ್ನು ಅದು ಸುಮಾರು 600 ಡಿಗ್ರಿಯ ಕಾವಿನಲ್ಲಿ ಸುಟ್ಟುಕೊಳ್ಳಬೇಕು. ಊರೊಳಗಣ ಚಿಕ್ಕ ಓಡಾಟದಲ್ಲಿ ಅಷ್ಟು ಕಾವು ಬಾರದು. ಜರಡಿಯ ದೀಪ ಹೊತ್ತಿದಾಗ ಪುಸ್ತಕದಲ್ಲಿ ಹೇಳಿದಂತೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿರಿ. ಜರಡಿಯನ್ನೇ ಕಿತ್ತುಹಾಕಿ ಎನ್ನುವವರ ಮಾತು ಕೇಳಬೇಡಿ. ಆ ಮಸಿ ನಮ್ಮ ಮಕ್ಕಳ ಎದೆಗೂಡಿಗೆ ಹೋಗುತ್ತದೆ.

ಅತ್ತೆಯವರ ಶಸ್ತ್ರಚಿಕಿತ್ಸೆ ಅಂದು ಒಂದು ಗಂಟೆ ತಡವಾಗಿ ನಡೆಯಿತು, ಈಗ ಆರೋಗ್ಯವಾಗಿದ್ದಾರೆ. ಕಾರೂ ಆರೋಗ್ಯವಾಗಿದೆ. ಭಾನುವಾರ ಅವರನ್ನು ಕೂರಿಸಿಕೊಂಡು ಮೂವತ್ತು ಕಿಲೋಮೀಟರ್ ದೂರದ ಅವರ ತವರೂರಿಗೆ ಹೋಗಿಬರುತ್ತೇವೆ. ಇಂಜಿನ್ನಿಗೂ ಹಿತ, ಅವರಿಗೂ ಹಿತ. ಉಳಿದ ದಿನ ಶಾಲೆಗೆ ನಾನು ನಡೆದೇ ಹೋಗುತ್ತೇನೆ. ಎರಡು ಕಿಲೋಮೀಟರಿಗೆ ಕಾರು ತೆಗೆಯುವುದು ಕಾರಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ ಎಂಬುದು ಈಗ ತಿಳಿದಿದೆ.