ರುಫೈದಾರ ಡೇರೆ ಮತ್ತು ನಮ್ಮ ಹೆಣ್ಣುಮಕ್ಕಳು
(ಜುಮುಆ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಸತ್ಯವಿಶ್ವಾಸಿಗಳೇ,

ಹಿಜರಿ 5ನೇ ವರ್ಷದ ಖಂದಕ್ ಯುದ್ಧದಲ್ಲಿ ಹ. ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ತಾಗಿತು. ಪ್ರವಾದಿವರ್ಯರು(ಸ) ಅವರನ್ನು ಹ. ರುಫೈದಾ(ರ)ರ ಡೇರೆಯಲ್ಲಿರಿಸಲು ಹೇಳಿದರು. ಅಸ್ಲಮ್ ಗೋತ್ರದ ಆ ಮಹಿಳೆ ಗಾಯಾಳುಗಳ ಆರೈಕೆ ಬಲ್ಲವರು. ಅವರ ಡೇರೆ ಇದ್ದದ್ದು ಮದೀನಾದ ಮಸೀದಿಯಲ್ಲೇ. ಪ್ರವಾದಿ(ಸ) ಬೆಳಿಗ್ಗೆ, ಸಂಜೆ ಆ ದಾರಿಯಲ್ಲಿ ಬಂದಾಗ ಸಅದ್‌ರ ಕ್ಷೇಮ ವಿಚಾರಿಸುತ್ತಿದ್ದರು. ಹ. ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಅಡುಗೆ ಮಾಡಿ, ಗಾಯಾಳುಗಳನ್ನು, ರೋಗಿಗಳನ್ನು ಉಪಚರಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಇಂದು ದೆಹಲಿಯ ಜಾಮಿಯಾ ಹಮ್ದರ್ದ್‌ನ ನರ್ಸಿಂಗ್ ಕಾಲೇಜು ರುಫೈದಾರ ಹೆಸರಿನಲ್ಲಿದೆ. ಆದರೆ ಕೆಲವು ಮನೆಗಳಲ್ಲಿ ಮಗಳು ನರ್ಸಿಂಗ್ ಓದುತ್ತೇನೆಂದರೆ, "ನೈಟ್ ಡ್ಯೂಟಿ ಇರುತ್ತದೆ, ನಾಳೆ ಸಂಬಂಧ ಯಾರು ತರುತ್ತಾರೆ?" ಎನ್ನುತ್ತಾರೆ. ಅದೇ ಮನೆಯವರು ಸೊಸೆಯ ಹೆರಿಗೆಗೆ ಬಂದಾಗ, "ಲೇಡಿ ನರ್ಸೇ ನೋಡಬೇಕು" ಎಂದು ಹಟ ಹಿಡಿಯುತ್ತಾರೆ. ಯಾರ ಮನೆಯ ಮಗಳೂ ಓದದಿದ್ದರೆ ಆ ನರ್ಸ್ ಎಲ್ಲಿಂದ ಬರಬೇಕು?

ಈ ವೃತ್ತಿ ಇಂಜೆಕ್ಷನ್ ಚುಚ್ಚುವುದಕ್ಕೇ ಮುಗಿಯುವುದಿಲ್ಲ. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಅಧ್ಯಾಪಕಿ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ 'ನರ್ಸ್ ಪ್ರಾಕ್ಟೀಷನರ್' ತರಬೇತಿ ಆರಂಭಿಸಿದರು. ಹೆಚ್ಚಿನ ಶಿಕ್ಷಣ ಪಡೆದ ನರ್ಸ್ ರೋಗಿಯನ್ನು ತಾನೇ ಪರೀಕ್ಷಿಸಿ ಆರೈಕೆ ನಿರ್ಧರಿಸುವ ಕ್ರಮವಿದು. ನಮ್ಮ ದೇಶದಲ್ಲೂ ತೀವ್ರ ನಿಗಾ ಘಟಕಕ್ಕಾಗಿ ಎರಡು ವರ್ಷದ ಸ್ನಾತಕೋತ್ತರ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ. 2018ರ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ, ಸಹಜ ಹೆರಿಗೆ ನೋಡಿಕೊಳ್ಳಲು ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ನೀಡಲಾಗುತ್ತದೆ. ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ರಾತ್ರಿ ಹೆರಿಗೆನೋವಿನಲ್ಲಿ ಹೊರಡುವ ತಾಯಿಗೆ ಇಂಥ ನರ್ಸ್ ಹತ್ತಿರದಲ್ಲೇ ಇದ್ದರೆ ಎಷ್ಟು ನೆಮ್ಮದಿ!

ಓದಲು ದೂರ ಹೋಗಬೇಕಿಲ್ಲ. ಹಾಸನದಲ್ಲಿ 2006ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಹೊಳೆನರಸೀಪುರದಲ್ಲಿ ಸರಕಾರಿ ನರ್ಸಿಂಗ್ ಕಾಲೇಜಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು. ಮುಂದೆ ಎಂ.ಎಸ್ಸಿ. ಮಾಡಿದರೆ ಕಾಲೇಜಿನಲ್ಲಿ ಪಾಠವನ್ನೂ ಹೇಳಬಹುದು.

ಸಹೋದರರೇ, ಮನುಷ್ಯ ಸತ್ತ ಮೇಲೂ ಪುಣ್ಯ ನಿಲ್ಲದ ಮೂರು ಕರ್ಮಗಳಲ್ಲಿ ಜನರಿಗೆ ಉಪಯೋಗವಾಗುವ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಒಬ್ಬ ನರ್ಸ್ ತನ್ನ ಪಾಳಿಯಲ್ಲಿ ಕೆಲವೇ ರೋಗಿಗಳನ್ನು ನೋಡಬಲ್ಲಳು. ಆದರೆ ಕೈ ತೊಳೆಯುವ ಕ್ರಮ, ರಕ್ತಸ್ರಾವದ ಮೊದಲ ಸೂಚನೆ, ಹೆದರಿದ ರೋಗಿಯೊಂದಿಗೆ ಮಾತಾಡುವ ರೀತಿಯನ್ನು ಆಕೆ ಮೂವತ್ತು ವಿದ್ಯಾರ್ಥಿನಿಯರಿಗೆ ಕಲಿಸಿದರೆ, ಆಕೆ ಕಾಣದ ಊರಿನಲ್ಲೂ ಆ ಕೈಗಳು ಜೀವ ಉಳಿಸುತ್ತವೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬುದು ಸೂರಃ ಅಲ್ ಮಾಇದದ 32ನೇ ಆಯತಿನ ಆಶಯ.

ಹಾಗಾದರೆ ನಾವು ಮಾಡಬೇಕಾದ್ದೇನು? ಮಗಳಿಗೆ ನರ್ಸಿಂಗ್‌ನಲ್ಲಿ ಆಸಕ್ತಿಯಿದ್ದರೆ ತಡೆಯದಿರೋಣ. ರಾತ್ರಿ ಪಾಳಿ ಮುಗಿಸಿದವಳನ್ನು ಮನೆಗೆ ಕರೆತರಲು ತಂದೆಯೋ ಅಣ್ಣನೋ ಗಂಡನೋ ಹೋಗಲಿ. ಮದುವೆ ಮಾತುಕತೆಯಲ್ಲಿ "ಕೆಲಸ ಬಿಡಬೇಕು" ಎಂಬ ಷರತ್ತು ಹಾಕದಿರೋಣ. ಬಡ ವಿದ್ಯಾರ್ಥಿನಿಯ ಫೀಸಿಗೆ ಜಮಾಅತ್ ನೆರವಾಗಲಿ. ರೋಗಿಯನ್ನು ನೋಡಲು ಹೋಗುವುದು ಸುನ್ನತ್. ಆದರೆ ಹತ್ತು ಜನ ಹಾಸಿಗೆ ಸುತ್ತ ನಿಂತು ನರ್ಸ್ ಮೇಲೆ ಕೂಗಾಡುವುದು ಸುನ್ನತ್ ಅಲ್ಲ. ಆಕೆ ಯಾವ ಧರ್ಮದವಳೇ ಆಗಿರಲಿ, ನಮ್ಮವರ ಸೇವೆ ಮಾಡಿದವಳಿಗೆ ಕೃತಜ್ಞತೆ ಹೇಳುವುದು ನಮ್ಮ ಕರ್ತವ್ಯ.

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ. ಅವರ ಆರೈಕೆ ಮಾಡುವವರಿಗೂ, ಆರೈಕೆ ಕಲಿಸುವವರಿಗೂ ಬರ್ಕತ್ ನೀಡಲಿ. ಆಮೀನ್.