ಚುಕ್ಕೆ ಒರೆಸಿದರೆ ಸೊನ್ನೆಯೂ ಹೋದೀತು



ಮಾನ್ವಿ, ದೇವದುರ್ಗದ ಕಡೆಯ ಹಳೆಯ ಮನೆಗಳ ಟ್ರಂಕಿನಲ್ಲಿ ಉರ್ದು ಕಾಗದವೊಂದು ಮಡಿಸಿಟ್ಟಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಓದಲು ಬಾರದವರೂ ಅದನ್ನು ಎಸೆಯಲು ಬಿಡುವುದಿಲ್ಲ. ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಹೀಗಾಗಿ ಹಳೆಯ ಕಂದಾಯ ಕಾಗದಗಳಲ್ಲಿ ಉರ್ದು ಬಹಳ. ಮುಂದೆ ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದವು. ನೀರು ಕಂಡ ಹೊಲಕ್ಕೆ ಬೆಲೆ ಬಂತು. ವ್ಯಾಜ್ಯವೆದ್ದರೆ ಆ ಹಾಳೆಯನ್ನೇ ಹುಡುಕಬೇಕು.

ಕರ್ನಾಟಕದ 'ಭೂಮಿ' ಯೋಜನೆ ಸುಮಾರು 2000ದಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಅಲ್ಲಿ ಮನುಷ್ಯರು ಓದಿ, ಕೀಲಿಮಣೆಯಲ್ಲಿ ಒತ್ತಿ ತುಂಬಿದರು. 2024ರಲ್ಲಿ ಆರಂಭವಾದ 'ಭೂ ಸುರಕ್ಷಾ' ಯೋಜನೆಯ ಕೆಲಸ ಬೇರೆ: ಅದು ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತದೆ, ಅಂದರೆ ಚಿತ್ರ ತೆಗೆಯುತ್ತದೆ.

ಸ್ಕ್ಯಾನರಿಗೆ ಅಕ್ಷರ ಗೊತ್ತಿಲ್ಲ, ಚುಕ್ಕೆ ಮಾತ್ರ ಗೊತ್ತು. ಅಂಗುಲಕ್ಕೆ 300 ಚುಕ್ಕೆಯಂತೆ ಒಂದು ಎ4 ಹಾಳೆಯಲ್ಲಿ ಸುಮಾರು 87 ಲಕ್ಷ ಚುಕ್ಕೆಗಳು. ನೀವೇ ಗುಣಿಸಿ ನೋಡಿ: 2480 ಇಂಟು 3508. ಈ ಚುಕ್ಕೆಗಳ ರಾಶಿಯಲ್ಲಿ ಅಕ್ಷರವನ್ನು ಗುರುತಿಸುವುದು ಓಸಿಆರ್ ಎಂಬ ಬೇರೊಂದು ತಂತ್ರಾಂಶ. ಅಚ್ಚಾದ ಕನ್ನಡದಲ್ಲೇ ಅದಕ್ಕೆ 'ಪ' ಮತ್ತು 'ಷ' ನಡುವೆ ಅನುಮಾನ ಬರುತ್ತದೆ. ಕೈಬರಹದ ಉರ್ದುವಿನಲ್ಲಂತೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಓರೆಯಾಗಿ ಇಳಿಯುತ್ತವೆ. 'ಬೆ', 'ಪೆ', 'ತೆ' ಮೂರಕ್ಕೂ ಮೈ ಒಂದೇ. ಕೆಳಗೆ ಒಂದು ಚುಕ್ಕೆಯೋ, ಮೂರೋ, ಮೇಲೆ ಎರಡೋ ಎಂಬುದರಿಂದಲೇ ಭೇದ.

ಇದಕ್ಕಿಂತ ದೊಡ್ಡ ತೊಡಕು ಅಂಕಿಗಳಲ್ಲಿದೆ. ಉರ್ದು ಸೊನ್ನೆ ನಮ್ಮ ಹಾಗೆ ವೃತ್ತವಲ್ಲ, ಬರಿಯ ಒಂದು ಚುಕ್ಕೆ. ಸ್ಕ್ಯಾನಿಂಗ್ ತಂತ್ರಾಂಶಗಳಲ್ಲಿ ಕಲೆ, ಧೂಳು ಒರೆಸುವ ಸೌಲಭ್ಯವಿರುತ್ತದೆಯಲ್ಲ? ಹಾಳೆ ಲಕಲಕ ಹೊಳೆಯುತ್ತದೆ. ಸರ್ವೆ ನಂಬರ್ 120 ಮಾತ್ರ 12 ಆಗಿರಬಹುದು. ಹುಳು ತಿಂದ ತೂತು ಸೊನ್ನೆಯಾಗಿ 12 ಎಂಬುದು 120 ಆಗಲೂಬಹುದು. (ನಮ್ಮ ಟಿ.ವಿ. ಪರದೆಯಲ್ಲೂ ಚಿತ್ರವೆಂದರೆ ಚುಕ್ಕೆಗಳೇ. ಅಲ್ಲಿ ಒಂದು ಹೋದರೆ ಯಾರ ಹೊಲವೂ ಹೋಗುವುದಿಲ್ಲ!)

ಇದು ಬರಿಯ ಊಹೆಯ ಭಯವಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿ, ಕೆಲವು ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಕೂರಿಸುತ್ತಿದ್ದುದನ್ನು ತೋರಿಸಿಕೊಟ್ಟರು. ಕಡತದ ಗಾತ್ರ ಕುಗ್ಗಿಸಲು ತಂತ್ರಾಂಶವು ಒಂದೇ ತೆರನೆಂದು ಕಂಡ ಆಕಾರಗಳಿಗೆಲ್ಲ ಒಂದೇ ಚಿತ್ರವನ್ನು ಬಳಸುತ್ತಿತ್ತು. ಅಂಕಿ ಅಳಿಸಿಹೋಗಿದ್ದರೆ ಯಾರಾದರೂ ಕೇಳುತ್ತಿದ್ದರು. ಸ್ಪಷ್ಟವಾಗಿ ಅಚ್ಚಾದ ತಪ್ಪನ್ನು ಯಾರು ಕೇಳುತ್ತಾರೆ?

ಈಗ ಕೈಬರಹ ಓದುವ, ಮಾಸಿದ್ದನ್ನು ತುಂಬಿಕೊಡುವ ತಂತ್ರಾಂಶಗಳು ಬರುತ್ತಿವೆ. ಸಂತೋಷವೇ. ಆದರೆ ತುಂಬಿಕೊಡುವುದೆಂದರೆ ಊಹಿಸುವುದು. ನನ್ನ ಮಟ್ಟಿಗೆ ಮುಖ್ಯವಾದ ಸೌಲಭ್ಯಗಳು ಇಷ್ಟು ಬೆರಗಿನವಲ್ಲ. ಬಣ್ಣದ ಮೂಲಚಿತ್ರ ಒರೆಸದೆ ಹಾಗೆಯೇ ಉಳಿಯಬೇಕು. ಯಂತ್ರಕ್ಕೆ ಅನುಮಾನ ಬಂದ ಅಕ್ಷರ ಗುರುತು ಹೊತ್ತು ನಿಲ್ಲಬೇಕು. ಯಾರು, ಯಾವಾಗ ತಿದ್ದಿದರೆಂಬುದು ದಾಖಲಾಗಬೇಕು. ಆ ಗುರುತು ಬಿದ್ದ ಕಡೆ ಉರ್ದು ಬಲ್ಲ ಒಬ್ಬರು ಕುಳಿತು ಓದಲೇಬೇಕು. ರಾಯಚೂರಿನಲ್ಲಿ ಅಂಥವರಿಗೆ ಬರವಿಲ್ಲ. ನಿಮ್ಮ ತರಗತಿಯಲ್ಲೇ ಇರಬಹುದು.

ಒಂದು ಪ್ರಯೋಗ ಮಾಡಿ. ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಇಪ್ಪತ್ತು ಸಣ್ಣ ಚುಕ್ಕೆಗಳನ್ನಿಡಿ. ಮೊಬೈಲಿನಲ್ಲಿ ಬಣ್ಣದಲ್ಲಿ ಒಮ್ಮೆ, ಕಪ್ಪು-ಬಿಳುಪಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ, ಎರಡರಲ್ಲೂ ಚುಕ್ಕೆಗಳನ್ನು ಎಣಿಸಿ.